ಒಂದು ಸಾಲು ಬದಲಾಯಿಸಿ ಒಂದು ಮಾತೂ ಹೇಳಲಿಲ್ಲ

ಬುಧವಾರ ಬೆಳಿಗ್ಗೆ, ನಮ್ಮ ಫೀಸ್ ಸಾಫ್ಟ್‌ವೇರ್ ಬಳಸುವ ಒಂದು ಶಾಲೆಯ ಆಫೀಸಿನಿಂದ ಫೋನ್ ಬಂತು. "ಸಾರ್, ಫೀಸ್ ಬಾಕಿ ಪಟ್ಟಿ ತೆಗೆದೆ, ಇದರಲ್ಲಿರೋರು ನಮ್ಮ ಮಕ್ಕಳೇ ಅಲ್ಲ." ನನ್ನ ಕೈಕಾಲು ತಣ್ಣಗಾಯಿತು. ಬೇರೆ ಶಾಲೆಯ ಮಕ್ಕಳ ಹೆಸರು, ಅಪ್ಪ ಅಮ್ಮನ ಮೊಬೈಲ್ ನಂಬರ್, ಯಾರು ಎಷ್ಟು ಕಟ್ಟಿಲ್ಲ ಅನ್ನುವುದು, ಎಲ್ಲಾ ಅವರ ಕಣ್ಣ ಮುಂದೆ.

ಎರಡು ದಿನ ನಮ್ಮ ಕೋಡನ್ನೇ ಜಾಲಾಡಿದೆವು. ಏನೂ ಸಿಗಲಿಲ್ಲ. ಕೊನೆಗೆ ಗುರುವಾರ ರಾತ್ರಿ ಗೊತ್ತಾಯಿತು, ಹಿಂದಿನ ಶನಿವಾರ ಸರ್ವರ್ ನೋಡಿಕೊಳ್ಳುವ ಇನ್‌ಫ್ರಾ ತಂಡದವರು ಪಿಜಿಬೌನ್ಸರ್‌ನ, ಅಂದರೆ ಆಪ್‌ಗೂ ಡೇಟಾಬೇಸ್‌ಗೂ ನಡುವೆ ಕೂತು ಕನೆಕ್ಷನ್ ಹಂಚುವ ಪ್ರಾಕ್ಸಿಯ, ಪೂಲ್ ಮೋಡನ್ನು (ಹಂಚುವ ರೀತಿಯನ್ನು) ಸೆಷನ್‌ನಿಂದ ಟ್ರಾನ್ಸಾಕ್ಷನ್‌ಗೆ ಬದಲಾಯಿಸಿದ್ದರು ಅಂತ. ಕಾನ್ಫಿಗ್ ಫೈಲಿನಲ್ಲಿ ಒಂದೇ ಸಾಲು. ಒಂದು ಮೇಲ್ ಇಲ್ಲ, ಗ್ರೂಪಿನಲ್ಲಿ ಒಂದು ಮೆಸೇಜ್ ಇಲ್ಲ. ಕೇಳಿದರೆ "ಪ್ರಾಕ್ಸಿ ಟ್ರಾನ್ಸ್‌ಪರೆಂಟ್ ಅಲ್ವಾ, ಆಪ್‌ಗೆ ಗೊತ್ತೇ ಆಗಲ್ಲ" ಅನ್ನುತ್ತಾರೆ.

ಅವರಿಗೆ ಅದು ಯಾಕೆ ಬೇಕಿತ್ತು ಅನ್ನುವುದು ನನಗೂ ಗೊತ್ತು. ನಮ್ಮ ಡೇಟಾಬೇಸ್ ಪೋಸ್ಟ್‌ಗ್ರೆಸ್ ಒಂದೊಂದು ಕನೆಕ್ಷನ್‌ಗೂ ಒಂದೊಂದು ಪ್ರೊಸೆಸ್ ತೆರೆಯುತ್ತದೆ, ಡಿಫಾಲ್ಟ್ ಮಿತಿ 100. ನಮ್ಮ ಎಂಟು ಸರ್ವರ್ ತಲಾ 20 ಕನೆಕ್ಷನ್ ಹಿಡಿದುಕೊಂಡರೆ ಅಲ್ಲಿಗೇ 160 ಆಯಿತು. ಫೀಸ್ ಕಟ್ಟುವ ಕೊನೆಯ ದಿನ ಸೈಟ್ ಕುಸಿಯುತ್ತಿದ್ದದ್ದು ನಿಜ. ಟ್ರಾನ್ಸಾಕ್ಷನ್ ಮೋಡ್ ಹಾಕಿದ ಮೇಲೆ ವೇಗ ಬಂದದ್ದೂ ನಿಜ.

ಆದರೆ ಆ ವೇಗಕ್ಕೆ ಬೆಲೆ ತೆತ್ತವರು ಯಾರು? ಸೆಷನ್ ಮೋಡಿನಲ್ಲಿ ಆಪ್ ಬಿಡುವ ತನಕ ಅದೇ ಡೇಟಾಬೇಸ್ ಕನೆಕ್ಷನ್ ಅದರ ಕೈಯಲ್ಲೇ ಇರುತ್ತದೆ. ಟ್ರಾನ್ಸಾಕ್ಷನ್ ಮೋಡಿನಲ್ಲಿ ಒಂದು ಟ್ರಾನ್ಸಾಕ್ಷನ್, ಅಂದರೆ ಡೇಟಾಬೇಸ್‌ಗೆ ಒಟ್ಟಾಗಿ ಕೊಟ್ಟ ಕೆಲಸದ ಒಂದು ಕಂತು, ಕಮಿಟ್ ಆಗಿ ಮುಗಿದ ಕೂಡಲೇ ಆ ಕನೆಕ್ಷನ್ ಇನ್ನೊಬ್ಬರಿಗೆ ಹೋಗುತ್ತದೆ, ಹಿಂದಿನವರು ಅದರ ಮೇಲೆ ಸೆಟ್ ಮಾಡಿಟ್ಟದ್ದೂ ಹಾಗೇ ಅದರ ಜೊತೆ ಹೋಗುತ್ತದೆ. ನಮ್ಮಲ್ಲಿ ಒಂದೊಂದು ಶಾಲೆಗೆ ಒಂದೊಂದು ಸ್ಕೀಮಾ, ಅಂದರೆ ಒಂದೇ ಡೇಟಾಬೇಸ್ ಒಳಗೆ ಬೇರೆ ಬೇರೆ ವಿಭಾಗ. ಸರ್ಚ್ ಪಾತ್ (ಯಾವ ಸ್ಕೀಮಾದಲ್ಲಿ ಹುಡುಕಬೇಕು ಅನ್ನುವುದು) ಸೆಟ್ ಮಾಡಿ, ಆಮೇಲೆ ಕ್ವೆರಿ (ಮಾಹಿತಿ ಕೇಳುವ ಆದೇಶ) ಓಡಿಸುತ್ತಿದ್ದೆವು. ಈಗ ಸೆಟ್ ಒಂದು ಕನೆಕ್ಷನ್‌ನಲ್ಲಿ, ಕ್ವೆರಿ ಇನ್ನೊಂದರಲ್ಲಿ. ಅಲ್ಲಿ ಯಾವ ಶಾಲೆಯ ಪಾತ್ ಉಳಿದಿದೆಯೋ ಆ ಶಾಲೆಯ ಮಕ್ಕಳು ಪರದೆಗೆ ಬರುತ್ತಾರೆ. ಎರರ್ ಇಲ್ಲ, ಲಾಗಿನಲ್ಲಿ ಒಂದು ಸಾಲೂ ಇಲ್ಲ. ನಾನೊಬ್ಬನೇ ಕೂತು ಟೆಸ್ಟ್ ಮಾಡಿದರೆ ಸುಮ್ನೆ ಅದೇ ಕನೆಕ್ಷನ್ ಮತ್ತೆ ಮತ್ತೆ ನನಗೇ ಸಿಗುತ್ತದೆ, ಹಾಗಾಗಿ ನೂರು ಸಲ ಓಡಿಸಿದರೂ ಸರಿಯಾಗೇ ಕಾಣುತ್ತದೆ.

ಇದೇನು ಗುಟ್ಟಿನ ವಿಷಯವೂ ಅಲ್ಲ. ಯಾವ ಮೋಡಿನಲ್ಲಿ ಏನು ನಡೆಯುವುದಿಲ್ಲ ಅಂತ ಪಿಜಿಬೌನ್ಸರ್‌ನವರೇ ಒಂದು ಪಟ್ಟಿ ಹಾಕಿದ್ದಾರೆ. ಟ್ರಾನ್ಸಾಕ್ಷನ್ ಮೋಡಿನಲ್ಲಿ ನಡೆಯದವು: ಸೆಟ್, ಲಿಸನ್ (ಡೇಟಾಬೇಸ್‌ನ ಸೂಚನೆಗೆ ಕಾಯುವುದು), ಸೆಷನ್ ಮಟ್ಟದ ಅಡ್ವೈಸರಿ ಲಾಕ್ (ಆಪ್ ತಾನೇ ಹಾಕಿಕೊಳ್ಳುವ ಬೀಗ). ಓದಲು ಐದು ನಿಮಿಷ ಸಾಕು. ಓದಿ ನಮಗೆ ಹೇಳಿದ್ದರೆ ಎಲ್ಲವನ್ನೂ ಟ್ರಾನ್ಸಾಕ್ಷನ್ ಒಳಗೆ ತಂದು ಸೆಟ್ ಲೋಕಲ್ ಬಳಸುತ್ತಿದ್ದೆವು, ಅದು ಕಮಿಟ್ ಆದ ಕೂಡಲೇ ತಾನೇ ಅಳಿಸಿಹೋಗುತ್ತದೆ. ಎರಡು ದಿನದ ಕೆಲಸ. ಅದನ್ನೇ ಈಗ ರಾತ್ರಿ ನಿದ್ದೆ ಬಿಟ್ಟು ಮಾಡಿದೆವು.

ಪ್ರಿಪೇರ್ಡ್ ಸ್ಟೇಟ್‌ಮೆಂಟ್, ಅಂದರೆ ಸರ್ವರಿನಲ್ಲಿ ಮೊದಲೇ ಸಿದ್ಧ ಮಾಡಿಟ್ಟ ಕ್ವೆರಿ, ಅದರ ಕಥೆ ಬೇರೆ. ಜೆಡಿಬಿಸಿ ಡ್ರೈವರ್ (ಜಾವಾ ಆಪನ್ನು ಡೇಟಾಬೇಸ್‌ಗೆ ಜೋಡಿಸುವ ಕೋಡ್) ಒಂದೇ ಕ್ವೆರಿಯನ್ನು ಐದನೇ ಸಲ ಓಡಿಸುವಾಗ ಸರ್ವರಿನಲ್ಲಿ ಹೆಸರಿಟ್ಟು ಇಡುತ್ತದೆ, ಮುಂದಿನ ಸಲ ಕನೆಕ್ಷನ್ ಬೇರೆ, ಆ ಹೆಸರು ಅಲ್ಲಿ ಇರುವುದಿಲ್ಲ. 2023ರಲ್ಲಿ ಬಂದ 1.21 ಆವೃತ್ತಿಯಿಂದ ಪಿಜಿಬೌನ್ಸರೇ ಇದನ್ನು ನಿಭಾಯಿಸಬಲ್ಲದು, ಆದರೆ ನಮ್ಮಲ್ಲಿರುವುದು ಅದಕ್ಕಿಂತ ಹಳೆಯದು. ಹಾಗಾಗಿ ಪ್ರಿಪೇರ್ಡ್ ಸ್ಟೇಟ್‌ಮೆಂಟನ್ನೇ ಆಫ್ ಮಾಡಿದೆವು, ಗಳಿಸಿದ ವೇಗದಲ್ಲಿ ಒಂದಷ್ಟು ಅಲ್ಲೇ ಹೋಯಿತು. ಇನ್ನು ಡೇಟಾಬೇಸ್ ಕಡೆಯಿಂದ ನೋಡಿದರೆ ಎಲ್ಲಾ ಕ್ವೆರಿಯೂ ಪ್ರಾಕ್ಸಿಯ ಐಪಿಯಿಂದಲೇ ಬಂದಂತೆ ಕಾಣುತ್ತದೆ, ಯಾವ ಸರ್ವರಿನದು ಅಂತ ಹುಡುಕುವುದೇ ಜಾಸ್ತಿ ಹೊತ್ತು ತಿಂದಿತು. ಅಪ್ಲಿಕೇಶನ್ ಹೆಸರಿಗೆ ಹೋಸ್ಟ್ (ಕ್ವೆರಿ ಕಳಿಸಿದ ಸರ್ವರಿನ ವಿಳಾಸ) ಸೇರಿಸುವ ಒಂದು ಸೆಟ್ಟಿಂಗ್ ಇದೆ. ಅದನ್ನಾದರೂ ಆನ್ ಮಾಡಬಾರದಿತ್ತಾ?

ಶುಕ್ರವಾರದ ಮೀಟಿಂಗಿನಲ್ಲಿ ಇದನ್ನು "ಆಪ್ ಬಗ್" ಅಂತ ಬರೆದುಕೊಂಡರು. ಆ ಶಾಲೆಗೆ ಫೋನ್ ಮಾಡಿ ಕ್ಷಮೆ ಕೇಳಿದವನು ನಾನು. ಆ ಗುಮಾಸ್ತರು ಬೈಯಲಿಲ್ಲ. "ನಮ್ಮ ಮಕ್ಕಳ ಪಟ್ಟಿಯನ್ನೂ ಹೀಗೇ ಯಾರಾದರೂ ನೋಡಿರಬಹುದಾ ಸಾರ್?" ಅಂತ ಮೆಲ್ಲಗೆ ಕೇಳಿದರು. ಶನಿವಾರದಿಂದ ಗುರುವಾರದ ತನಕ ಯಾರು ಏನು ನೋಡಿದರು ಅಂತ ಹೇಳಲು ನನ್ನ ಹತ್ತಿರ ಲಾಗ್ ಇಲ್ಲ. ಅವರಿಗೆ ಏನು ಉತ್ತರ ಕೊಡಲಿ?