ಬಡಿದು ನೆಟ್ಟಗೆ ಮಾಡಿದ ಕ್ಯಾಬಿನ್

ರಜೆಯಲ್ಲಿ ಊರಿಗೆ ಬಂದಿದ್ದಾಗ ಭಾವ ಮೀನು ಸಾಗಿಸುವ ಬೊಲೆರೊ ಪಿಕಪ್‌ನಲ್ಲಿ ಬ್ರಹ್ಮಾವರದಿಂದ ಮಲ್ಪೆಯವರೆಗೆ ಹೋಗುವ ಸಂದರ್ಭ ಬಂತು. ಸಂತೆಕಟ್ಟೆ ದಾಟುವ ಹೊತ್ತಿಗೆ ನನ್ನ ಬದಿಯ ಬಾಗಿಲಿನ ಮೇಲಂಚಿನಿಂದ ಗಾಳಿ ಸಿಳ್ಳೆ ಹಾಕತೊಡಗಿತು. ಗಾಜನ್ನು ಪೂರ್ತಿ ಏರಿಸಿದರೂ ನಿಲ್ಲಲಿಲ್ಲ. “ಅದು ಆಕ್ಸಿಡೆಂಟ್ ಆದ ಮೇಲೆ ಹಾಗೇ ಭಾವ, ಎಂತದೂ ಆಗುದಿಲ್ಲ. ಪೈಂಟ್ ನೋಡಿ, ಶೋರೂಮಿನಿಂದ ಇಳಿಸಿದ ಹಾಗೆ ಇಲ್ವಾ?” ಎಂದರು ಅವರು. ಪೈಂಟ್ ನಿಜವಾಗಿಯೂ ಚೆನ್ನಾಗಿತ್ತು. ಆದರೆ ಮಲ್ಪೆಯಲ್ಲಿ ಇಳಿದು ನೋಡಿದರೆ, ಮುಂದಿನ ಪಿಲ್ಲರಿಗೂ (ಗಾಜಿನ ಪಕ್ಕದಲ್ಲಿ ಮಾಡನ್ನು ಹೊತ್ತ ಕಂಬ) ಬಾಗಿಲಿಗೂ ನಡುವೆ ಮೇಲ್ಗಡೆ ಬೆರಳು ತೂರುವಷ್ಟು ಸಂದು. ಕೆಳಗಡೆ ಉಗುರು ಕೂಡ ಹೋಗುತ್ತಿರಲಿಲ್ಲ.

ಮೀನುಗಾರಿಕೆ ಭರದಿಂದ ಸಾಗುತ್ತಿದ್ದ ಒಂದು ಬೆಳಗಿನ ಜಾವ, ಕಟಪಾಡಿಯ ಹತ್ತಿರ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ನಿಂತಿದ್ದ ಲಾರಿಯ ಹಿಂಬದಿಗೆ ಈ ಪಿಕಪ್ ಗುದ್ದಿತ್ತು. ದೇವರ ದಯೆಯಿಂದ ಭಾವನಿಗೆ ಏನೂ ಆಗಲಿಲ್ಲ. ಎಡಗಡೆಯ ಪಿಲ್ಲರ್ ಒಳಕ್ಕೆ ಬಾಗಿತ್ತು, ಮಾಡಿನ ತಗಡು ಮಡಿಕೆ ಬಿದ್ದಿತ್ತು, ಡ್ಯಾಶ್‌ಬೋರ್ಡ್ ಸೀಟಿನ ಕಡೆಗೆ ಸರಿದಿತ್ತು. ಚಾಸಿಸ್‌ಗೂ ಇಂಜಿನ್ನಿಗೂ ಪೆಟ್ಟು ತಾಗಿರಲಿಲ್ಲ. ಅಂಥ ಗಾಡಿ ಗ್ಯಾರೇಜಿನಲ್ಲಿ ತಿಂಗಳುಗಟ್ಟಲೆ ನಿಂತು, ಕಡೆಗೆ ಅದೇ ಕ್ಯಾಬಿನ್ ಹೊತ್ತುಕೊಂಡು ಹೊರಬಂದದ್ದು ನನಗೆ ಇನ್ನೂ ಜೀರ್ಣವಾಗಿಲ್ಲ.

ನಾನು ಶಾರ್ಜಾದಲ್ಲಿ ಕೆಲಸ ಮಾಡುವ ಕಂಪನಿಯ ಹೈಲಕ್ಸ್ ಪಿಕಪ್ ಹೆಚ್ಚುಕಡಿಮೆ ಇದೇ ರೀತಿ ಜಜ್ಜಿಹೋಗಿದ್ದಾಗ ನಡೆದದ್ದೇ ಬೇರೆ. ಅಲ್ಲಿ ಪೊಲೀಸರ ಚೀಟಿ ಇಲ್ಲದೆ ಯಾವ ಗ್ಯಾರೇಜಿನವರೂ ಅಪಘಾತದ ಗಾಡಿಯನ್ನು ಮುಟ್ಟುವುದಿಲ್ಲ. ಚೀಟಿ ಕೈಗೆ ಬಂದ ಮೇಲೆ ಇಂಡಸ್ಟ್ರಿಯಲ್ ಏರಿಯಾದ ಹಳೆಯ ಬಿಡಿಭಾಗಗಳ ಅಂಗಡಿಗಳಲ್ಲಿ ವಿಚಾರಿಸಿದಾಗ, ಹಿಂಬದಿಗೆ ಪೆಟ್ಟು ಬಿದ್ದು ಮೂಲೆ ಸೇರಿದ್ದ ಅದೇ ಮಾದರಿಯ ಪಿಕಪ್ ಒಂದರ ಇಡೀ ಕ್ಯಾಬಿನ್ ಸಿಕ್ಕಿತು. ಜಪಾನಿನಿಂದ ಕಂಟೇನರುಗಳಲ್ಲಿ ಬರುವ, ಅರ್ಧಕ್ಕೆ ಕತ್ತರಿಸಿದ ಗಾಡಿಗಳಾದ ಹಾಫ್ ಕಟ್‌ಗಳು ಅಲ್ಲಿ ರಾಶಿ ಬಿದ್ದಿದ್ದರೂ ಅವು ಅಲ್ಲಿಯ ಗಾಡಿಗಳಂತೆ ಎಡಗಡೆಯಲ್ಲ, ಬಲಗಡೆ ಸ್ಟಿಯರಿಂಗಿನವಾದ್ದರಿಂದ ಕ್ಯಾಬಿನ್ನಿನ ಮಟ್ಟಿಗೆ ಉಪಯೋಗಕ್ಕೆ ಬಾರವು. ಅಲ್ಲಿಯೇ ಓಡಿ ಅಲ್ಲಿಯೇ ಕೆಟ್ಟ ಗಾಡಿಯದ್ದೇ ಬೇಕು.

ಬದಲಿಸುವ ಕೆಲಸವನ್ನು ನಾನು ನಿಂತು ನೋಡಿದ್ದೇನೆ. ಬ್ಯಾಟರಿ ಕಳಚಿ, ಎ.ಸಿ.ಯ ಗ್ಯಾಸನ್ನೂ ರೇಡಿಯೇಟರಿನ ನೀರನ್ನೂ ಇಳಿಸಿದರು. ಸ್ಟಿಯರಿಂಗ್ ಶಾಫ್ಟಿನ ಜೋಡಣೆ, ಬ್ರೇಕಿನ ಮತ್ತು ಕ್ಲಚ್ಚಿನ ಪೈಪುಗಳು, ಹ್ಯಾಂಡ್‌ಬ್ರೇಕಿನ ಕೇಬಲ್, ಹೀಟರಿನ ಹೋಸುಗಳು ಒಂದೊಂದಾಗಿ ಬಿಟ್ಟವು. ವೈರಿಂಗಿನ ಸಾಕೆಟ್ಟುಗಳಿಗೆ ಮಾತ್ರ ಬಿಳಿ ಟೇಪು ಸುತ್ತಿ ಪೆನ್ನಿನಲ್ಲಿ ಗುರುತು ಬರೆದರು. ಆಮೇಲೆ ಉಳಿದದ್ದು ಕ್ಯಾಬಿನ್ನನ್ನು ಚಾಸಿಸ್ಸಿಗೆ ಹಿಡಿದಿರುವ ಬೋಲ್ಟುಗಳು. ಹಿಂದಿನ ರಾತ್ರಿಯೇ ಎಣ್ಣೆ ಕುಡಿಸಿಟ್ಟಿದ್ದರೂ ಒಂದು ಬೋಲ್ಟ್ ಜಪ್ಪಯ್ಯ ಎಂದರೂ ಬಿಡಲಿಲ್ಲ, ಅದನ್ನು ಕತ್ತರಿಸಿಯೇ ತೆಗೆಯಬೇಕಾಯಿತು. ಎರಡೂ ಬಾಗಿಲುಗಳ ಸಂದಿನಲ್ಲಿ ಮರದ ಹಲಗೆ ಇಟ್ಟು ಫೋರ್ಕ್‌ಲಿಫ್ಟಿನ ಕೈಗಳನ್ನು ತೂರಿಸಿ ಎತ್ತಿದಾಗ ಇಡೀ ಕ್ಯಾಬಿನ್ ಮೇಲೆದ್ದು, ಕೆಳಗೆ ಇಂಜಿನ್ ಮತ್ತು ಗಾಲಿಗಳ ಸಮೇತ ಚಾಸಿಸ್ ಬೋಳಾಗಿ ನಿಂತಿತು. ಹೊಸ ಮೌಂಟಿಂಗ್ ರಬ್ಬರುಗಳನ್ನು ಇಟ್ಟು, ತಂದಿದ್ದ ಕ್ಯಾಬಿನ್ನನ್ನು ಅದರ ಮೇಲೆ ಇಳಿಸಿದರು. ಕಂಪನಿ ಗಾಡಿಗಳೆಲ್ಲ ಬಿಳಿಯವೇ ಆದ್ದರಿಂದ ಬಣ್ಣದ ತಕರಾರೂ ಇರಲಿಲ್ಲ. ವಾರ ತುಂಬುವುದರೊಳಗೆ ಗಾಡಿ ಸೈಟಿಗೆ ಹೋಗತೊಡಗಿತು.

ನಮ್ಮೂರಿನ ಪಿಕಪ್ಪಿನ ರಚನೆಯೂ ಇದೇ ತಾನೆ? ಏಣಿಯಂಥ ಚಾಸಿಸ್ಸಿನ ಮೇಲೆ ಬೋಲ್ಟಿನಿಂದ ಕೂರಿಸಿದ ಬೇರೆಯೇ ಕ್ಯಾಬಿನ್. ಗಾಡಿಯ ಗುರುತಾದ ಚಾಸಿಸ್ ನಂಬರು ಕೆಳಗಿನ ಫ್ರೇಮಿನ ಮೇಲೆ ಕೊರೆದಿರುವುದರಿಂದ, ಮೇಲಿನದನ್ನು ಬದಲಿಸಿದ ಮಾತ್ರಕ್ಕೆ ಗಾಡಿ ಬೇರೊಂದಾಗುವುದಿಲ್ಲ. ಆದರೂ ಭಾವನ ಗಾಡಿಗೆ ದೊರೆತದ್ದು ಸರಪಳಿ, ಜಾಕ್, ಗ್ಯಾಸಿನ ಬೆಂಕಿ ಮತ್ತು ಸುತ್ತಿಗೆ. ಬಾಗಿದ ಪಿಲ್ಲರನ್ನು ಕಾಯಿಸಿ ಎಳೆದು, ಮಡಿಕೆ ಬಿದ್ದ ತಗಡನ್ನು ಒಳಗಿನಿಂದ ಡಾಲಿ ಎಂಬ ಕಬ್ಬಿಣದ ಗಟ್ಟಿ ಹಿಡಿದು ಬಡಿದು, ಉಳಿದ ತಗ್ಗುಗಳಿಗೆ ಪುಟ್ಟಿ ತುಂಬಿ, ಉಜ್ಜಿ, ಪ್ರೈಮರ್ ಹೊಡೆದು ಬಣ್ಣ ಬಳಿದರು. ಈಗಿನ ಗಾಡಿಗಳ ಪಿಲ್ಲರುಗಳಿಗೆ ಹೆಚ್ಚು ಬಲದ ಉಕ್ಕನ್ನು ಬಳಸುವುದು ಸಾಮಾನ್ಯವಾಗಿದ್ದು, ಅದನ್ನು ಕೆಂಪಗಾಗುವಷ್ಟು ಕಾಯಿಸಿದರೆ ಆ ಬಲ ಇಳಿದುಹೋಗುತ್ತದೆ. ಸಾಧಾರಣ ತಗಡೇ ಆದರೂ ಒಮ್ಮೆ ಮಡಿದ ಜಾಗ ಎರಡನೆಯ ಪೆಟ್ಟಿಗೆ ಅಲ್ಲಿಯೇ ಸುಲಭವಾಗಿ ಮಡಿಯುತ್ತದೆ. ಸರಕು ವಾಹನಗಳ ಕ್ಯಾಬಿನ್‌ಗೆ ನಮ್ಮ ದೇಶದಲ್ಲಿ ಎಐಎಸ್-029 ಎಂಬ ಮಾನದಂಡವಿದೆ. ಗುದ್ದಿದ ಮೇಲೂ ಒಳಗಿದ್ದವರು ಬದುಕುವಷ್ಟು ಜಾಗ ಉಳಿಯಬೇಕು ಎಂಬುದೇ ಅದರ ತಿರುಳು. ಪುಟ್ಟಿಯ ಕೆಳಗಿರುವ ಪಿಲ್ಲರ್ ಅಷ್ಟು ಜಾಗ ಉಳಿಸುತ್ತದೆಯೇ ಎಂದು ನಮ್ಮಲ್ಲಿ ಕೇಳುವವರು ಯಾರು? ಮಳೆಗಾಲಕ್ಕೆ ಮುಂಚೆ ಮಾಡು ಹತ್ತಿ ಒಡೆದ ಹೆಂಚನ್ನು ತೆಗೆದು ಹೊಸತು ಹೊದೆಸುವ ನಮ್ಮ ಜನ, ತಲೆ ಕಾಯುವ ಕ್ಯಾಬಿನ್ನಿಗೆ ಮಾತ್ರ ಮೆತ್ತಿದರೆ ಸಾಕು ಎಂದುಕೊಳ್ಳುವುದು ನನಗೆ ಸೋಜಿಗ.

ಹೀಗೆ ತಗಡು ಬಡಿದು ಟಿಂಕರಿಂಗ್ ಮಾಡಿದವರದ್ದೇ ತಪ್ಪು ಎನ್ನಲಾರೆ. ವಿಮೆಯ ಲೆಕ್ಕಾಚಾರವೇ ಮಾಲೀಕನನ್ನು ಆ ದಾರಿಗೆ ತಳ್ಳುತ್ತದೆ. ಸಾಮಾನ್ಯ ಪಾಲಿಸಿಯಲ್ಲಿ ಲೋಹದ ಭಾಗ ಬದಲಿಸಿದರೆ ಗಾಡಿಯ ವಯಸ್ಸಿಗೆ ತಕ್ಕಂತೆ ಸವಕಳಿ ಕಳೆಯುತ್ತಾರೆ. 5ರಿಂದ 10 ವರ್ಷದ ಗಾಡಿಗೆ ಅದು ಶೇ. 40. ಪ್ಲಾಸ್ಟಿಕ್, ರಬ್ಬರಿನ ಭಾಗಗಳಿಗೆ ಶೇ. 50. ಬಡಿದು ಸರಿಪಡಿಸುವ ಮಜೂರಿಗೆ ಈ ಸವಕಳಿ ಇಲ್ಲ. ಹಾಗಾಗಿ ಆರು ವರ್ಷದ ಗಾಡಿಗೆ 1 ಲಕ್ಷದ ಕ್ಯಾಬಿನ್ ಶೆಲ್ (ಒಳಗಿನ ಸಾಮಾನಿಲ್ಲದ ಬರೀ ತಗಡಿನ ಕ್ಯಾಬಿನ್) ಹಾಕಿಸಿದರೆ 40 ಸಾವಿರ ಮಾಲೀಕನ ಕೈಯಿಂದಲೇ ಹೋಗುತ್ತದೆ, ಅದನ್ನೇ ಬಡಿಸಿದರೆ ಮಜೂರಿಯ ಬಹುಪಾಲು ಕಂಪನಿಯ ತಲೆಗೆ. ಸರಕು ವಾಹನಗಳಿಗೆ ಇನ್ನೊಂದು ಕೊಕ್ಕೆಯಿದೆ: ಐಎಂಟಿ-23 ಎಂಬ ಸೇರ್ಪಡೆಗೆ ಹೆಚ್ಚುವರಿ ಪ್ರೀಮಿಯಂ ಕಟ್ಟದಿದ್ದರೆ ಬಾನೆಟ್, ಬಂಪರ್, ಮಡ್‌ಗಾರ್ಡ್, ದೀಪ, ಪೈಂಟ್ ಇವಾವುದಕ್ಕೂ ಪರಿಹಾರ ಸಿಗುವುದಿಲ್ಲ. ಕಡಿಮೆ ಪ್ರೀಮಿಯಂ ಹುಡುಕುವ ಪಿಕಪ್ ಮಾಲೀಕರಲ್ಲಿ ಎಷ್ಟು ಮಂದಿ ಅದನ್ನು ಹಾಕಿಸಿರುತ್ತಾರೆ? ಇನ್ನು ರಿಪೇರಿಯ ಅಂದಾಜು ಐಡಿವಿಯ, ಅಂದರೆ ಪಾಲಿಸಿಯಲ್ಲಿ ಗಾಡಿಗೆ ಕಟ್ಟಿದ ಬೆಲೆಯ, ಶೇ. 75 ದಾಟಿತೆಂದರೆ ಗಾಡಿ ಟೋಟಲ್ ಲಾಸ್, ರಿಪೇರಿಯ ಬದಲು ಆ ಬೆಲೆ ಕೊಟ್ಟು ಮುಗಿಸುತ್ತಾರೆ. ಸಾಲದ ಕಂತು ಬಾಕಿ ಇರುವವನಿಗೆ ಆ ಮಾತು ಕೇಳಿದರೇ ಎದೆ ಝಲ್ ಎನ್ನುತ್ತದೆ. ಗಾಡಿಯೂ ಹೋಗಿ, ಸಿಕ್ಕ ಹಣವೂ ಸಾಲಕ್ಕೆ ಜಮೆಯಾಗಿ, ಮರುದಿನ ಬಂದರಿಗೆ ಹೋಗಲು ಕೈ ಖಾಲಿ.

ಬೈಕಂಪಾಡಿಯಿಂದ ಕುಂದಾಪುರದವರೆಗೆ ಇಷ್ಟೊಂದು ಪಿಕಪ್ಪುಗಳು ಓಡುತ್ತಿದ್ದರೂ ಒಳ್ಳೆಯ ಸೆಕೆಂಡ್ ಹ್ಯಾಂಡ್ ಕ್ಯಾಬಿನ್ ಬೇಕೆಂದರೆ ಬೆಂಗಳೂರಿನ ಶಿವಾಜಿನಗರದ ಗುಜರಿಯವರಿಗೆ ಫೋನ್ ಹಚ್ಚಬೇಕು. ನಮ್ಮೂರ ಗುಜರಿಗೆ ಹೋದ ಗಾಡಿಯನ್ನು ತುಂಡು ಮಾಡಿ ತೂಕಕ್ಕೆ ಹಾಕುವುದೇ ಹೆಚ್ಚು. ಅದರ ಮೇಲೆ ನಮ್ಮ ಕರಾವಳಿಯ ಉಪ್ಪುಗಾಳಿ, ಮೀನಿನ ಪೆಟ್ಟಿಗೆಯಿಂದ ಸೋರುವ ಐಸಿನ ನೀರು. ಹತ್ತು ವರ್ಷ ಮೀನು ಹೊತ್ತ ಪಿಕಪ್ಪಿನ ಕ್ಯಾಬಿನ್ ನೆಲ ಮೆಟ್ಟಿದರೆ ಕಾಲು ರಸ್ತೆಗೆ ತಾಗೀತು. ಅದನ್ನು ಯಾರು ಕೊಳ್ಳುತ್ತಾರೆ? ವಾಹನ ಗುಜರಿ ಕೇಂದ್ರಗಳಿಗೆ 2021ರಲ್ಲಿ ಕೇಂದ್ರ ಸರಕಾರ ನಿಯಮ ಮಾಡಿದೆ. ಅಂಥ ಒಂದು ಅಂಗಳದಲ್ಲಿ ತುಕ್ಕು ಹಿಡಿಯದ ಕ್ಯಾಬಿನ್ನುಗಳನ್ನು ಮಾದರಿ, ವರ್ಷ ಬರೆದು ಸಾಲಾಗಿ ಇಟ್ಟರೆ ಎಷ್ಟೋ ಚಾಲಕರ ತಲೆ ಉಳಿದೀತು ಎಂದು ನನ್ನ ಅಂಬೋಣ.

ಇಷ್ಟು ಬರೆದ ಮೇಲೆ ಒಂದೆರಡು ವಿಷಯ ಒಪ್ಪಿಕೊಳ್ಳದೆ ಗತ್ಯಂತರವಿಲ್ಲ. ಶಾರ್ಜಾದಲ್ಲಿ ಆ ಕ್ಯಾಬಿನ್ ಅಷ್ಟು ಬೇಗ ಸಿಕ್ಕಿದ್ದು ಅಲ್ಲಿ ಗಾಡಿಗಳನ್ನು ಅಷ್ಟೇ ಸಲೀಸಾಗಿ ಕೈಬಿಡುವುದರಿಂದ. ಹಣ ತೆತ್ತದ್ದೂ ಕಂಪನಿಯೇ ಹೊರತು ಗಾಡಿ ಓಡಿಸುವ ಡ್ರೈವರನಲ್ಲ. ಆ ಕ್ಯಾಬಿನ್ ಹಿಂದೆ ಏನೇನು ಕಂಡಿತ್ತೋ ಯಾರಿಗೂ ತಿಳಿಯದು. ಎರಡು ಗಾಡಿಗಳ ವರ್ಷ ಬೇರೆಯಾಗಿದ್ದುದರಿಂದ ಏರ್‌ಬ್ಯಾಗಿನ ದೀಪ ಬಹಳ ಕಾಲ ಆರದೆ ಉರಿಯುತ್ತಿತ್ತು. 2024ರ ಏಪ್ರಿಲ್ 16ರಂದು ಆ ದೇಶದಲ್ಲಿ ಕಂಡು ಕೇಳರಿಯದ ಮಳೆ ಸುರಿದು, ಅಲ್ ಐನ್ ಕಡೆಯ ಒಂದು ಊರಿನಲ್ಲಿ ಒಂದು ದಿನದೊಳಗೆ 254 ಮಿ.ಮೀ. ದಾಖಲಾಯಿತಲ್ಲ, ಆ ದಿನ ನಮ್ಮ ಪಿಕಪ್ಪಿನ ವಿಂಡ್‌ಶೀಲ್ಡಿನ ಮೂಲೆಯಿಂದ ಇಳಿದ ನೀರು ಡ್ರೈವರನ ಮಡಿಲು ತುಂಬಿತು. ಭಾವನ ಗಾಡಿಯ ಗಾಜನ್ನು ಕೂರಿಸಿದ ಮುದುಕ ಟಿಂಕರ್, ಚೌಕಟ್ಟಿನ ಸುತ್ತ ಬೆರಳಾಡಿಸಿ ಉಬ್ಬಿದಲ್ಲೆಲ್ಲ ಸಣ್ಣ ಸುತ್ತಿಗೆಯಿಂದ ತಟ್ಟಿ ಸಮ ಮಾಡಿದ್ದನಂತೆ. ಉಡುಪಿಯ ಇಡೀ ಮಳೆಗಾಲದಲ್ಲಿ ಅಲ್ಲಿಂದ ಒಂದು ಹನಿ ನೀರು ಒಳಬಂದಿಲ್ಲ. ಅಂಥ ಕೈ ಶಾರ್ಜಾದ ಆ ಗ್ಯಾರೇಜಿನಲ್ಲಿ ಇರಲಿಲ್ಲ.

ಆದರೆ ನೀರು ಬಾರದ ಗಾಜು ಬೇರೆ, ಬಾಗಿದ ಪಿಲ್ಲರ್ ಬೇರೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ 61 ದಿನ ಮೀನುಗಾರಿಕೆ ನಿಷೇಧ ಇರುವಾಗ ಪಿಕಪ್ಪಿಗೂ ಹೇಗಿದ್ದರೂ ಕೆಲಸ ಕಡಿಮೆ. ಮೇ ತಿಂಗಳಲ್ಲೇ ಕ್ಯಾಬಿನ್ ಶೆಲ್‌ಗೆ ಆರ್ಡರ್ ಕೊಟ್ಟರೆ ಆ ಎರಡು ತಿಂಗಳಲ್ಲಿ ಬದಲಿಸಿ ಮುಗಿಸಬಹುದು, ಗಾಜು ಕೂರಿಸಲು ಅದೇ ಮುದುಕನನ್ನು ಕರೆಯಬಹುದು, ಅರ್ಧ ಹಣ ನಾನು ಕಳಿಸುತ್ತೇನೆ ಎಂದು ಭಾವನಿಗೆ ಹೇಳಿದ್ದೇನೆ. “ಮೊದಲು ಗಾಡಿಯ ಫಿಟ್‌ನೆಸ್ ಸರ್ಟಿಫಿಕೇಟ್ ಆಗಲಿ, ಮತ್ತೆ ನೋಡುವ” ಎಂದಿದ್ದಾರೆ.