ಮೂರು ಕೂಗಿನ ನಡುವೆ

ಬೇಳೆ ಬೇಯುವುದಕ್ಕೆ ನಮ್ಮ ಮನೆಯ ಕುಕ್ಕರು ಮೂರು ಸಲ ಕೂಗಬೇಕು. ಅದು ಎಷ್ಟು ನಿಮಿಷದ ಹೊತ್ತು ಎಂದು ಕೇಳಿದರೆ ನಾನು ಹೇಳಲಾರೆ. ಸೀರೆಯ ಸೆರಗಿಗೆ ಎರಡು ಕುಚ್ಚು ಕಟ್ಟುವಷ್ಟು ಹೊತ್ತು ಎಂದು ಮಾತ್ರ ಖಚಿತವಾಗಿ ಹೇಳಬಲ್ಲೆ. ಅಕ್ಕಿಯಾದರೆ ಒಂದೂವರೆ ಕುಚ್ಚು, ಕಡಲೆಕಾಳಾದರೆ ನಾಲ್ಕು.

ಮಗಳ ಶಾಲೆಯವರು ಒಮ್ಮೆ ತಂದೆತಾಯಿಯರಿಂದ ತುಂಬಿಸಿಕೊಂಡ ಒಂದು ನಮೂನೆಯಲ್ಲಿ ‘ತಾಯಿಯ ಹವ್ಯಾಸ’ ಎಂಬ ಕಲಮು ಇತ್ತು. ಅದರ ಮುಂದೆ ಏನು ಬರೆಯಬೇಕೆಂದು ಯೋಚಿಸುತ್ತ ಕುಳಿತಾಗಲೇ, ಹವ್ಯಾಸವೆಂಬುದು ಬಿಡುವಿರುವವರ ಆಸ್ತಿ ಎಂಬ ನನ್ನ ಹಳೆಯ ತಿಳಿವಳಿಕೆ ಎಷ್ಟು ತಪ್ಪಾಗಿತ್ತೆಂಬುದು ಹೊಳೆದದ್ದು. ಬಿಡುವಿಗಾಗಿ ಕಾಯುತ್ತ ಕುಳಿತರೆ ಕಥೆ ಮುಗಿಯಿತು. 2019ರಲ್ಲಿ ಕೇಂದ್ರ ಸರ್ಕಾರ ನಡೆಸಿದ ಕಾಲಬಳಕೆಯ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ. ಅದೇ ಕೆಲಸಕ್ಕೆ ಕೈ ಹಚ್ಚುವ ಗಂಡಸರು ಕೊಡುವುದು 97 ನಿಮಿಷ. ಮಕ್ಕಳನ್ನು ನೋಡಿಕೊಳ್ಳುವ ಹೊತ್ತು ಇದರಲ್ಲಿ ಸೇರಿಲ್ಲ, ಅದರ ಲೆಕ್ಕ ಬೇರೆ. 299 ಎಂದರೆ ಐದು ಗಂಟೆಗೆ ಒಂದು ನಿಮಿಷ ಕಡಿಮೆ. ಆ ಒಂದು ನಿಮಿಷವೇ ನಮ್ಮ ಹವ್ಯಾಸಕ್ಕೆ ಮಂಜೂರಾದ ಹೊತ್ತು ಇರಬೇಕೆಂದು ಮನೆಯವರಿಗೆ ಓದಿ ಹೇಳಿದೆ. ಅವರು 97ರ ಬಗ್ಗೆ ಏನೂ ಮಾತನಾಡದೆ ಕಾಫಿಯ ಲೋಟವನ್ನು ತಾವೇ ತೊಳೆದಿಟ್ಟರು.

ಮದುವೆಗೆ ಮೊದಲು ನಾನು ವೀಣೆ ಕಲಿತಿದ್ದೆ. ಅದು ಈಗಲೂ ಮನೆಯಲ್ಲಿದೆ, ಗವಸು ಹೊದ್ದು ಬೀರುವಿನ ಪಕ್ಕದಲ್ಲಿ ಮಲಗಿದೆ. ಮಗ ಮಧ್ಯಾಹ್ನ ಮಲಗುವ ಒಂದು ಗಂಟೆಯಲ್ಲಿ ನುಡಿಸೋಣವೆಂದು ಎಷ್ಟೋ ಸಲ ಹೊರಟಿದ್ದೇನೆ. ಆದರೆ ಗವಸು ಬಿಚ್ಚಿ, ಧೂಳು ಒರೆಸಿ, ಏಳು ತಂತಿಗಳನ್ನು ಒಂದೊಂದಾಗಿ ಶ್ರುತಿಗೆ ತರುವಷ್ಟರಲ್ಲಿ ಅರ್ಧ ಗಂಟೆ ಕಳೆದಿರುತ್ತದೆ, ಮತ್ತು ಆ ಶ್ರುತಿ ಮಾಡುವ ಟಿಂಯ್ ಟಿಂಯ್ ಸದ್ದಿಗೇ ಅವನು ಎದ್ದು ಕುಳಿತಿರುತ್ತಾನೆ. ವೀಣೆಯ ಮೇಲೆ ನನಗೆ ಸಿಟ್ಟಿಲ್ಲ. ಎದ್ದು ಹೋದರೆ ಮುನಿಸಿಕೊಳ್ಳುವ ಜಾತಿಯ ಹವ್ಯಾಸ ಅದು. ಸಣ್ಣ ಮಕ್ಕಳ ತಾಯಿ ಒಂದು ಹವ್ಯಾಸವನ್ನು ಆರಿಸಿಕೊಳ್ಳುವಾಗ, ಅದನ್ನು ಎಷ್ಟು ಸುಲಭವಾಗಿ ಕಲಿಯಬಹುದು ಎಂದು ಕೇಳುವುದಕ್ಕಿಂತ ಎಷ್ಟು ಸುಲಭವಾಗಿ ನಡುವೆ ಬಿಟ್ಟೇಳಬಹುದು ಎಂದು ಕೇಳಬೇಕು.

ಈ ಪರೀಕ್ಷೆಯಲ್ಲಿ ನನ್ನ ಅವ್ವನ ಕಸೂತಿಯೂ ಉತ್ತೀರ್ಣವಾಗುವುದಿಲ್ಲ ಎಂದರೆ ಧಾರವಾಡದವರು ನನ್ನನ್ನು ಕ್ಷಮಿಸಬೇಕು. ಬಟ್ಟೆಯ ಮೇಲೆ ಮೊದಲೇ ಚಿತ್ರ ಬರೆದುಕೊಳ್ಳುವ ಪದ್ಧತಿ ಕಸೂತಿಯಲ್ಲಿಲ್ಲ. ನೇಯ್ಗೆಯ ಎಳೆಗಳನ್ನು ಎಣಿಸಿ ಎಣಿಸಿಯೇ ಗೋಪುರ, ತೇರು, ತುಳಸಿಕಟ್ಟೆ, ನವಿಲುಗಳು ಮೂಡಬೇಕು. ಅದರಲ್ಲೂ ಗವಂತಿ ಹೊಲಿಗೆಯಲ್ಲಿ ಸೂಜಿ ಹೋಗುವಾಗ ನಡುನಡುವೆ ಜಾಗ ಬಿಡುತ್ತ ಹೋಗಿ, ಬಂದ ದಾರಿಯಲ್ಲೇ ಹಿಂದಿರುಗುತ್ತ ಬಿಟ್ಟ ಜಾಗಗಳನ್ನು ತುಂಬುತ್ತದೆ. ಗಂಟು ಹಾಕುವಂತಿಲ್ಲ, ಬಟ್ಟೆಯ ಎರಡೂ ಮಗ್ಗುಲು ಒಂದೇ ತೆರನಾಗಿ ಕಾಣಬೇಕು. ಸೂಜಿ ಇನ್ನೂ ಹೋಗುತ್ತಿರುವಾಗಲೇ ಯಾರಾದರೂ ಕರೆದರೆ ಎಣಿಕೆ ತಪ್ಪುತ್ತದೆ. ಅದಕ್ಕೇ ಅವ್ವ ಗಟ್ಟಿಯಾಗಿ ಎಣಿಸುತ್ತಿದ್ದಳು. “ಅವ್ವಾ, ಹಸಿವಿ ಆಗೇತಿ” ಎಂದು ನಾನು ಬಾಗಿಲಲ್ಲಿ ನಿಂತು ಕೂಗಿದರೆ “ಹನ್ನೊಂದು” ಎಂಬ ಉತ್ತರ ಬರುತ್ತಿತ್ತು. ನಮ್ಮಲ್ಲಿರುವ ಒಂದು ದಿಂಬಿನ ಚೀಲದ ಮೇಲೆ ಎರಡು ಆನೆಗಳಿವೆ; ಎಡಗಡೆಯ ಆನೆಯ ಸೊಂಡಿಲು ಬಲಗಡೆಯದಕ್ಕಿಂತ ಗಿಡ್ಡ. ಅವ್ವ ಅದನ್ನು ಬಿಚ್ಚಿ ಸರಿಪಡಿಸಲಿಲ್ಲ. ಆ ದಿನ ನನಗೆ ಜ್ವರ ಬಂದಿತ್ತಂತೆ. ತೇರಿನಂಥ ದೊಡ್ಡ ಕೆಲಸಕ್ಕೆ ಅವಳು ಕೈ ಹಾಕಿದ್ದು ನಾವೆಲ್ಲ ಹೈಸ್ಕೂಲು ದಾಟಿದ ಮೇಲೆ.

ಬಿಟ್ಟೇಳಲು ತಕರಾರು ಮಾಡದ ಹವ್ಯಾಸಗಳು ಇಲ್ಲವೆಂದಲ್ಲ. ಕುಂಡದಲ್ಲಿ ಗುಲಾಬಿ ಬೆಳೆಸಲು ಹೊರಟವಳು ಅದರ ಸೇವೆಯಲ್ಲೇ ಸವೆಯುತ್ತಾಳೆ. ದೊಡ್ಡಪತ್ರೆಯಾದರೆ ಮುರಿದ ಕೊಂಬೆಯನ್ನು ಮಣ್ಣಿಗೆ ಊರಿದರೂ ಬೇರು ಬಿಡುತ್ತದೆ, ಎರಡು ದಿನ ನೀರು ಮರೆತರೂ ಮುಖ ಬಾಡಿಸುವುದಿಲ್ಲ, ಮೇಲಾಗಿ ತಂಬುಳಿಗೂ ಒದಗುತ್ತದೆ. ಇನ್ನು ಪದಬಂಧ. ಇದಕ್ಕೆ ಕೈಯೂ ಬೇಡ, ಕಾಗದವೂ ಬೇಡ. ಬೆಳಿಗ್ಗೆ ಒಂದು ಸುಳಿವನ್ನು ಓದಿ ತಲೆಯಲ್ಲಿಟ್ಟುಕೊಂಡರೆ ಸಾಕು. ಮೊನ್ನೆ ‘ತಾವರೆ, ನಾಲ್ಕಕ್ಷರ’ ಎಂದಿತ್ತು. ಚಪಾತಿಯ ಹಿಟ್ಟು ನಾದುವಾಗ ಅರವಿಂದ ಎಂದುಕೊಂಡೆ, ಮಕ್ಕಳ ಸಮವಸ್ತ್ರ ಒಣಹಾಕುವಾಗ ಪುಂಡರೀಕ ಹೊಳೆಯಿತು, ಬಸ್ಸಿನಲ್ಲಿ ಸರಸಿಜ. ಸಂಜೆ ಬಂದು ನೋಡಿದರೆ ಎರಡನೆಯ ಮನೆಯಲ್ಲಿ ‘ಮ’ ಬರಬೇಕಿತ್ತು. ತಾಮರಸ! ಒಂದು ಹೂವಿಗೆ ಇಷ್ಟು ಹೆಸರಿಟ್ಟ ಪೂರ್ವಿಕರಿಗೆ ಮನೆಯಲ್ಲಿ ಅಡುಗೆ ಮಾಡುವವರು ಬೇರೆ ಇದ್ದಿರಬೇಕು.

ಆದರೂ ನನಗೆ ದಕ್ಕಿದ್ದು ಕುಚ್ಚು. ರೇಷ್ಮೆ ದಾರದ ಹಲವು ಎಳೆಗಳನ್ನು ಜೊತೆಗೂಡಿಸಿ, ಸೆರಗಿನ ಅಂಚಿನಲ್ಲಿ ಸೂಜಿಯಿಂದ ತೂರಿಸಿ, ಮಡಚಿ, ಕುತ್ತಿಗೆಗೆ ಜರಿ ದಾರ ಸುತ್ತಿ ಬಿಗಿದು, ತುದಿಯನ್ನು ಕತ್ತರಿಯಿಂದ ಸಮ ಮಾಡಿದರೆ ಒಂದು ಬೇಬಿ ಕುಚ್ಚು ಆಯಿತು. ಆಯಿತೆಂದರೆ ಪೂರ್ತಿ ಆಯಿತು. ಮುಂದಿನದಕ್ಕೂ ಇದಕ್ಕೂ ಲೇವಾದೇವಿಯಿಲ್ಲ. ಅಂಗುಲಕ್ಕೊಂದರಂತೆ ಒಂದು ಸೆರಗಿಗೆ ಸುಮಾರು 45 ಕುಚ್ಚು ಬೇಕಾಗುತ್ತವೆ, ಅಂದರೆ ಬಿಟ್ಟೇಳಲು 45 ಜಾಗಗಳಿರುತ್ತವೆ. ಎಣಿಸಬೇಕಾದ ಎಳೆಯಿಲ್ಲ, ನೆನಪಿಡಬೇಕಾದ ತಿರುವಿಲ್ಲ. ಮಗ ಬಿದ್ದು ಅಳುವ ಸದ್ದು ಕೇಳಿ ಸೀರೆಯನ್ನು ಹಾಗೆಯೇ ಸುತ್ತಿ ಮೇಲೆಸೆದು ಓಡಿ, ಮೂರು ದಿನ ಬಿಟ್ಟು ಬಂದರೂ ಅದು ಎಲ್ಲಿತ್ತೋ ಅಲ್ಲೇ ಇರುತ್ತದೆ.

ಒಂದು ತಪ್ಪು ಮಾತ್ರ ಮಾಡಿದೆ. ಪಕ್ಕದ ಮನೆಯವರು ನೋಡಿ, “ಎಷ್ಟು ಚೆನ್ನಾಗಿ ಕಟ್ಟುತ್ತೀರಿ, ಒಂದು ಸೀರೆಗೆ ಎಷ್ಟು ತಗೋತೀರಿ?” ಎಂದಾಗ ಉಬ್ಬಿಹೋಗಿ ಅವರ ಎರಡು ಸೀರೆಗಳನ್ನು ಒಪ್ಪಿಕೊಂಡೆ. ಕುಚ್ಚು ಕಟ್ಟಿ ಸಂಸಾರ ತೂಗಿಸುವ ಹೆಂಗಸರು ನಮ್ಮ ಬೀದಿಯಲ್ಲೇ ಇದ್ದಾರೆ, ಅವರ ಬೆರಳಿನ ವೇಗದ ಮುಂದೆ ನನ್ನದು ಆಟ. ಆದರೆ ‘ಶುಕ್ರವಾರದೊಳಗೆ ಬೇಕು’ ಎಂಬ ಮಾತು ಸೇರಿದ ಕೂಡಲೇ ಎಲ್ಲವೂ ತಲೆಕೆಳಗಾಯಿತು. ಬೇಳೆ ಬೇಯುವವರೆಗೆ ಕುಚ್ಚು ಕಟ್ಟುತ್ತಿದ್ದವಳು ಕುಚ್ಚು ಮುಗಿಯುವವರೆಗೆ ಬೇಳೆಯನ್ನು ಕಾಯಿಸತೊಡಗಿದೆ. ಗುರುವಾರ ಸಾರು ತಳ ಹಿಡಿಯಿತು. ದುಡ್ಡು ಬಂತು, ನಿಜ. ಆಮೇಲೆ ಎರಡು ತಿಂಗಳು ನಾನು ಸೂಜಿ ಮುಟ್ಟಲಿಲ್ಲ.

ಈಗ ಮತ್ತೆ ನನ್ನದೇ ಒಂದು ಇಳಕಲ್ ಸೀರೆ ಹಿಡಿದಿದ್ದೇನೆ. ಕಳೆದ ತಿಂಗಳು ಗದಗಿನಲ್ಲಿ ಸಂಬಂಧಿಕರ ಮದುವೆಗೆ ಅದನ್ನೇ ಉಡಬೇಕೆಂಬ ಆಸೆಯಿತ್ತು, ಹೊರಡುವ ದಿನಕ್ಕೆ 28 ಕುಚ್ಚು ಮುಗಿದಿದ್ದವು. ಕಟ್ಟಿದ ಭಾಗ ಮೇಲೆ ಬರುವಂತೆ ಸೆರಗಿನ ನೆರಿಗೆ ಹಿಡಿದು, ಪಿನ್ನು ಹಾಕಿ, ಇಡೀ ಬೆಳಿಗ್ಗೆ ಜಾಣತನದಿಂದ ಓಡಾಡಿದೆ. ಊಟದ ಪಂಕ್ತಿಯಲ್ಲಿ ಕುಳಿತಾಗ ಪಕ್ಕದಲ್ಲಿದ್ದ, ನನಗೆ ಪರಿಚಯವಿಲ್ಲದ ಅಜ್ಜಿಯೊಬ್ಬರು ಸೆರಗನ್ನು ಕೈಗೆತ್ತಿಕೊಂಡು ಕುಚ್ಚುಗಳನ್ನು ಒಂದೊಂದಾಗಿ ಸವರುತ್ತ ಹೋದರು. ನೆರಿಗೆಯ ಒಳಗಿನ ಬೋಳು ಅಂಚು ಬೆರಳಿಗೆ ಸಿಕ್ಕಿತು. ಅವರು ಸೆರಗನ್ನು ಮೊದಲಿದ್ದಂತೆಯೇ ಮಡಚಿ ನನ್ನ ತೊಡೆಯ ಮೇಲಿಟ್ಟು, ತಗ್ಗಿದ ದನಿಯಲ್ಲಿ ಕೇಳಿದರು: “ಮನಿಯೊಳಗ ಸಣ್ಣ ಮಕ್ಕಳದಾವೇನವಾ?”