ಹಾಟ್ ಡಾಗ್ ತಿನ್ನಲು ಮ್ಯಾನ್‌ಹಟನ್‌ಗೆ ಯಾಕೆ ಹೋಗಬೇಕು? ನಮ್ಮ ನ್ಯೂಜೆರ್ಸಿಯಲ್ಲೇ ತಿನ್ನಿ

ಊರಿಂದ ಯಾರೇ ಬರಲಿ, ಎಡಿಸನ್ ಸುತ್ತಮುತ್ತಲಿನ ಕನ್ನಡದವರು ಮೊದಲ ಶನಿವಾರವೇ ಟೈಮ್ಸ್ ಸ್ಕ್ವೇರ್‌ಗೆ ಹೊರಡುತ್ತೇವೆ. ರಸ್ತೆ ಬದಿಯ ಗಾಡಿಯಲ್ಲಿ ಹಾಟ್ ಡಾಗ್ ಒಂದನ್ನು, ಅಂದರೆ ಬಿಸಿನೀರಿನಲ್ಲಿ ಗಂಟೆಗಟ್ಟಲೆ ನೆಂದ ಸಾಸೇಜನ್ನು ಬನ್ನಿನೊಳಗೆ ಇಟ್ಟದ್ದನ್ನು, ಕೊಡಿಸುತ್ತೇವೆ. ಬಂದವರು ಎರಡು ತುತ್ತು ತಿಂದು "ಇಷ್ಟೇನಾ?" ಅನ್ನುತ್ತಾರೆ. ಅವರು ಹೇಳುವುದು ಸರಿಯೇ. ಆದರೆ ಹಾಟ್ ಡಾಗ್ ಅಂದರೆ ಅಷ್ಟೇ ಅಲ್ಲ. ಅದಕ್ಕಿಂತ ಎಷ್ಟೋ ರುಚಿಯಾದದ್ದು ನಮ್ಮದೇ ರಾಜ್ಯದಲ್ಲಿ, ಮನೆಯಿಂದ ಮುಕ್ಕಾಲು ಗಂಟೆ ಕಾರು ಓಡಿಸಿದರೆ ಸಿಗುತ್ತದೆ.

ಮೊದಲೇ ಹೇಳಿಬಿಡುತ್ತೇನೆ, ಇದು ಮಾಂಸ ತಿನ್ನುವವರಿಗಾಗಿ ಬರೆದದ್ದು. ಈ ಅಂಗಡಿಗಳಲ್ಲಿ ಹೆಚ್ಚಿನ ಕಡೆ ಸಾಸೇಜ್‌ನಲ್ಲಿ ಬೀಫ್ ಇರುತ್ತದೆ, ಕೆಲವು ಕಡೆ ಹಂದಿ ಮಾಂಸವೂ ಸೇರಿರುತ್ತದೆ. ಬೇಡದವರು ಕೌಂಟರ್‌ನಲ್ಲಿ ಕೇಳಿಕೊಳ್ಳಿ. ಸಸ್ಯಾಹಾರಿಗಳು ಫ್ರೈಸ್ ತಿನ್ನುವ ಮುಂಚೆ ಯಾವ ಎಣ್ಣೆಯಲ್ಲಿ ಕರಿದದ್ದು ಅಂತ ಕೇಳುವುದು ಒಳ್ಳೆಯದು.

ನಮ್ಮ ಕಡೆ ಮದ್ದೂರಿಗೆ ವಡೆ, ಬಿಡದಿಗೆ ತಟ್ಟೆ ಇಡ್ಲಿ, ದಾವಣಗೆರೆಗೆ ಬೆಣ್ಣೆ ದೋಸೆ ಇದ್ದ ಹಾಗೆ, ಇಲ್ಲಿ ಊರೂರಿಗೂ ಒಂದೊಂದು ಬಗೆಯ ಹಾಟ್ ಡಾಗ್ ಇದೆ. ಜರ್ಮನ್ನರು ಸಾಸೇಜ್ ತಂದರು. ಗ್ರೀಕರು ಅದರ ಮೇಲೆ ಮಸಾಲೆ ಸಾಸ್ ಸುರಿದರು. ಇಟಲಿಯವರು ಅದನ್ನು ತಮ್ಮ ಬ್ರೆಡ್ಡಿನೊಳಗೆ ತುಂಬಿದರು. ಮಿಲ್ಲು, ಕಾರ್ಖಾನೆಗಳಲ್ಲಿ ದುಡಿಯುವವರಿಗೆ ಕಡಿಮೆ ದುಡ್ಡಿನಲ್ಲಿ, ಬೇಗ ಹೊಟ್ಟೆ ತುಂಬುವ ಊಟ ಬೇಕಿತ್ತು. ಆ ಊಟವನ್ನು ಈಗಲೂ ಹಳೆಯ ರೀತಿಯಲ್ಲೇ ಮಾಡಿಕೊಡುವ ಅಂಗಡಿಗಳು ಉಳಿದಿವೆ.

ಒಂದೇ ಕಡೆ ಹೋಗಲು ಸಮಯ ಇದ್ದರೆ ಕ್ಲಿಫ್ಟನ್‌ನ ರಟ್ಸ್ ಹಟ್‌ಗೆ ಹೋಗಿ. 1928ರಿಂದ ಇರುವ ಅಂಗಡಿ. ಇಲ್ಲಿ ಸಾಸೇಜನ್ನು ಬೇಯಿಸುವುದೂ ಇಲ್ಲ, ಸುಡುವುದೂ ಇಲ್ಲ. ಚೆನ್ನಾಗಿ ಕಾದ ಎಣ್ಣೆಗೆ ಬಿಡುತ್ತಾರೆ. ಒಳಗಿನ ನೀರಿನಂಶ ಕಾದು ಆವಿಯಾಗಿ ಉಬ್ಬುತ್ತದೆ, ಹೊರಗಿನ ಸಿಪ್ಪೆ ತಡೆಯಲಾರದೆ ಉದ್ದಕ್ಕೂ ಸೀಳಿಬಿಡುತ್ತದೆ. ಹಾಗೆ ಸೀಳಿದ್ದಕ್ಕೆ ರಿಪ್ಪರ್ ಅಂತ ಹೆಸರು. ಸೀಳಿದ ಅಂಚೆಲ್ಲ ಗರಿಗರಿ, ಒಳಗೆ ಮಾತ್ರ ಮೆತ್ತಗೆ, ರಸ ಹಾಗೇ ಇರುತ್ತದೆ. ಎಣ್ಣೆಯಲ್ಲಿ ಸುಮ್ನೆ ಅದ್ದಿ ತೆಗೆದದ್ದು ಬೇಕಿದ್ದರೆ ಇನ್ ಆ್ಯಂಡ್ ಔಟರ್, ಇನ್ನೂ ಜಾಸ್ತಿ ಕರಿದದ್ದು ಬೇಕಿದ್ದರೆ ವೆಲ್ಲರ್, ಕರಿಕಲಾಗುವವರೆಗೆ ಬಿಡಬೇಕಿದ್ದರೆ ಕ್ರೀಮೇಟರ್ ಅಂತ ಕೇಳಬೇಕು. ನನ್ನ ಓಟು ಯಾವಾಗಲೂ ರಿಪ್ಪರ್‌ಗೇ. ಕ್ರೀಮೇಟರ್‌ನಲ್ಲಿ ಮಾಂಸದ ರುಚಿಯೇ ಹೊರಟುಹೋಗುತ್ತದೆ.

ಅಲ್ಲಿ ಕೆಚಪ್ ಹುಡುಕಬೇಡಿ, ದಯವಿಟ್ಟು. ಅವರದೇ ಒಂದು ಹಳದಿ ರೆಲಿಶ್ ಇದೆ, ನಮ್ಮ ಚಟ್ನಿಯಂಥದ್ದು. ಸಾಸಿವೆ, ಕೋಸು, ಕ್ಯಾರೆಟ್, ಈರುಳ್ಳಿ ಸೇರಿದ್ದು. ಒಂಚೂರು ಹುಳಿ, ಒಂಚೂರು ಸಿಹಿ, ಕೊನೆಯಲ್ಲಿ ಸಾಸಿವೆಯ ಘಾಟು. ಅದರ ಅಳತೆಯನ್ನು ಅಂಗಡಿಯವರು ಇವತ್ತಿಗೂ ಹೊರಗೆ ಬಿಟ್ಟುಕೊಟ್ಟಿಲ್ಲ. ಎಣ್ಣೆಯ ಜಿಡ್ಡಿಗೆ ಅದಕ್ಕಿಂತ ಒಳ್ಳೆಯ ಜೋಡಿ ಇಲ್ಲ. ಪಕ್ಕದಲ್ಲಿ ಕೂತು ತಿನ್ನುವ ಹಾಲ್ ಕೂಡ ಇದೆ. ಆದರೆ ನಿಂತು ತಿನ್ನುವ ಕೌಂಟರ್‌ಗೇ ಹೋಗಿ. ಆರ್ಡರ್ ಕೂಗುವುದು ಕೇಳಿಸುತ್ತಿರಬೇಕು, ಲಾರಿ ಡ್ರೈವರ್, ಪೊಲೀಸು, ಶಾಲೆ ಮಕ್ಕಳು ಎಲ್ಲರ ಜೊತೆ ಮೊಣಕೈ ತಾಗುತ್ತಿರಬೇಕು. ಆಗಲೇ ಅದರ ಮಜಾ.

ಅದೇ ಊರಿನಲ್ಲಿ ಹಾಟ್ ಗ್ರಿಲ್ ಇದೆ, 1961ರದ್ದು. ಇಲ್ಲಿ ತಿನ್ನಬೇಕಾದದ್ದು ಟೆಕ್ಸಸ್ ವೀನರ್. ಇದು ಹುಟ್ಟಿದ್ದು ಟೆಕ್ಸಸ್‌ನಲ್ಲಲ್ಲ, ಪಕ್ಕದ ಪ್ಯಾಟರ್ಸನ್‌ನಲ್ಲಿ, 1920ರ ಆಸುಪಾಸಿನಲ್ಲಿ, ಗ್ರೀಕರ ಕೈಯಲ್ಲಿ ಅನ್ನುತ್ತಾರೆ. ಕರಿದ ಸಾಸೇಜ್ ಮೇಲೆ ಮೊದಲು ಸಾಸಿವೆ, ಆಮೇಲೆ ಸಣ್ಣಗೆ ಹೆಚ್ಚಿದ ಹಸಿ ಈರುಳ್ಳಿ, ಎಲ್ಲಕ್ಕಿಂತ ಮೇಲೆ ಕೈಮಾದ ಚಿಲ್ಲಿ ಸಾಸ್. ಮೂರೂ ಬೇಕಿದ್ದರೆ "ಆಲ್ ದ ವೇ" ಅನ್ನಿ, ಸಾಕು. ಮಸಾಲೆ ತಿಂದು ಬೆಳೆದ ನಮ್ಮ ನಾಲಿಗೆಗೆ ಈ ಸಾಸ್ ಬೇಗ ಒಗ್ಗುತ್ತದೆ. ಊರಿಂದ ಬಂದವರಿಗೆ ಮೊದಲು ಇದನ್ನೇ ಕೊಡಿಸಿ ಅನ್ನುತ್ತೇನೆ. ಪ್ಯಾಟರ್ಸನ್‌ನ ಗ್ರೇಟ್ ಫಾಲ್ಸ್ ಅಲ್ಲಿಂದ ಹತ್ತಿರ. 77 ಅಡಿ ಎತ್ತರದ ಜಲಪಾತ, ಅದೂ ಪೇಟೆಯ ಮಧ್ಯದಲ್ಲಿ. ಈ ನೀರಿನ ಬಲದಿಂದಲೇ ಅಲ್ಲಿ ಮಿಲ್ಲುಗಳು ಬೆಳೆದದ್ದು. ಜಲಪಾತ ನೋಡಿ, ಹಸಿವು ಮಾಡಿಕೊಂಡು ಅಂಗಡಿಗೆ ಬನ್ನಿ.

ಇನ್ನು ಇಟಾಲಿಯನ್ ಹಾಟ್ ಡಾಗ್. ಇದನ್ನು ಒಮ್ಮೆ ನೋಡಲೇಬೇಕು. 1932ರಲ್ಲಿ ನ್ಯೂವರ್ಕ್‌ನಲ್ಲಿ ಶುರುವಾದ ಜಿಮ್ಮಿ ಬಫ್ಸ್ ಇದರ ತವರು, ಈಗ ವೆಸ್ಟ್ ಆರೆಂಜ್‌ನಲ್ಲಿ ಸಿಗುತ್ತದೆ. ಬನ್ ಇಲ್ಲ. ದುಂಡನೆಯ ಪಿಜ್ಜಾ ಬ್ರೆಡ್ಡನ್ನು ಅರ್ಧಕ್ಕೆ ಕತ್ತರಿಸಿ, ಜೇಬಿನಂತೆ ಬಿಡಿಸಿ, ಒಳಗೆ ಸಾಸಿವೆ ಸವರುತ್ತಾರೆ. ಅದರೊಳಗೆ ಕರಿದ ಸಾಸೇಜ್ ಎರಡು, ಎಣ್ಣೆಯಲ್ಲಿ ಬಾಡಿಸಿದ ದಪ್ಪ ಮೆಣಸಿನಕಾಯಿ ಮತ್ತು ಈರುಳ್ಳಿ, ಮೇಲೆ ತುಂಬಿ ತುಳುಕುವಷ್ಟು ಕರಿದ ಆಲೂಗಡ್ಡೆ. ಇದು ಡಬಲ್. ಕಾಲು ಬ್ರೆಡ್ಡಿಗೆ ಒಂದೇ ಸಾಸೇಜ್ ಹಾಕಿದ್ದು ಸಿಂಗಲ್. ಸಿಂಗಲ್ಲೇ ಒಬ್ಬರಿಗೆ ಒಳ್ಳೆ ಊಟ. ಕಾರಿಗೆ ಒಯ್ದು ತಿನ್ನಬೇಡಿ, ಸೀಟೆಲ್ಲ ಎಣ್ಣೆಯಾಗುತ್ತದೆ. ಅಲ್ಲೇ, ಬಿಸಿ ಇರುವಾಗಲೇ, ಮೊದಲು ಫೋರ್ಕ್‌ನಲ್ಲಿ ಆಲೂಗಡ್ಡೆ ಖಾಲಿ ಮಾಡಿ, ಆಮೇಲೆ ಬ್ರೆಡ್ಡಿಗೆ ಕೈ ಹಾಕಿ.

ಫೋರ್ಟ್ ಲೀಯ ಹೈರಮ್ಸ್ ಅಂಗಡಿಗೆ ಆಂಥೋನಿ ಬೋರ್ಡೇನ್ ಹೆಸರಿನಿಂದಲೇ ಜನ ಹೋಗುತ್ತಾರೆ. ಊರೂರು ಸುತ್ತಿ ಊಟದ ಟಿವಿ ಕಾರ್ಯಕ್ರಮ ಮಾಡುತ್ತಿದ್ದ ಹೆಸರಾಂತ ಬಾಣಸಿಗ ಅವರು. ಬೆಳೆದದ್ದು ಪಕ್ಕದ ಲಿಯೋನಿಯಾದಲ್ಲಿ. ಅವರ ನೆನಪಿಗೆ ನ್ಯೂಜೆರ್ಸಿ ಗುರುತಿಸಿದ ತಿಂಡಿ ಅಂಗಡಿಗಳ ದಾರಿಯಲ್ಲಿ ಇದೂ ಇದೆ. ಚೆನ್ನಾಗಿದೆ, ಆದರೆ ರಟ್ಸ್ ಹಟ್‌ನ ರೆಲಿಶ್ ಅಲ್ಲಿಲ್ಲವಲ್ಲ! ಬೇಸಿಗೆಯಲ್ಲಿ ಸಮುದ್ರದ ಕಡೆ ಹೋದರೆ ಲಾಂಗ್ ಬ್ರಾಂಚ್‌ನಲ್ಲಿ ಮ್ಯಾಕ್ಸ್ ಅನ್ನುವ ಹಾಟ್ ಡಾಗ್ ಅಂಗಡಿ ಇದೆ.

ಜರ್ಸಿ ಸಿಟಿಯ ನ್ಯೂವರ್ಕ್ ಅವೆನ್ಯೂಗೆ ದಿನಸಿ ತರಲು ಹೋಗುವವರಂತೂ ಜರ್ನಲ್ ಸ್ಕ್ವೇರ್‌ನ ಬುಲೆವಾರ್ಡ್ ಡ್ರಿಂಕ್ಸ್ ಮುಂದೆಯೇ ಎಷ್ಟೋ ಸಲ ಹಾದು ಹೋಗಿರುತ್ತೀರಿ. 1937ರಿಂದ ಇರುವ ಪುಟ್ಟ ಅಂಗಡಿ. ಚಿಲ್ಲಿ ಡಾಗ್ ಒಂದು, ಜೊತೆಗೆ ತಣ್ಣಗಿನ ಜ್ಯೂಸ್ ಒಂದು ತಗೊಳ್ಳಿ. ಸೋನಾ ಮಸೂರಿ ಚೀಲ ಡಿಕ್ಕಿಗೆ ಹಾಕಿದ ಮೇಲೆ ಹತ್ತು ನಿಮಿಷ ಸಾಕು.

ನಾನು ಬರೆದದ್ದು ಹೆಚ್ಚಾಗಿ ರಾಜ್ಯದ ಉತ್ತರ ಭಾಗದ್ದೇ ಆಯಿತು. ದಕ್ಷಿಣದ ಚೆರ್ರಿ ಹಿಲ್, ಮೌಂಟ್ ಲಾರೆಲ್ ಕಡೆ ಇರುವವರು ಅಲ್ಲಿನ ಹಳೆಯ ಅಂಗಡಿ ಯಾವುದು, ಅಲ್ಲಿ ಏನು ತಿನ್ನಬೇಕು ಅಂತ ಕೆಳಗೆ ಬರೆಯಿರಿ.